ಭಟ್ಟಿ ಆರಿದ ಮೇಲೆ

ಜೂನ್ ೧೪

ಪ್ರೀತಿಯ ತಂಗೀ,

ನೀವೆಲ್ಲ ಚೆನ್ನಾಗಿದ್ದೀರೆಂದು ನಂಬಿದ್ದೇನೆ. ನಿನ್ನ ಪತ್ರ ಬಂದು ತಿಂಗಳಾಯಿತು. ತಡವಾದದ್ದಕ್ಕೆ ಬೇಸರ ಮಾಡಿಕೊಳ್ಳಬೇಡ. ಬರೆಯಲು ಕೂತರೆ ಕೈ ಓಡುತ್ತಿರಲಿಲ್ಲ.

ಕಳೆದ ವಾರ ಅಪ್ಪ ಕಟ್ಟಿಸಿದ ಭಟ್ಟಿಯನ್ನು ಆರಿಸಿದೆವು. ಇನ್ನು ನಮ್ಮ ಕಾರ್ಖಾನೆಯಲ್ಲಿ ಪಿಂಗಾಣಿ ಕಪ್ಪು ತಯಾರಾಗುವುದಿಲ್ಲ.

ನೀನು ಅಂಗಿ ಹೊಲಿಸಿ ಕಳಿಸುವ ದೇಶದ ಜೊತೆ ವ್ಯಾಪಾರ ಒಪ್ಪಂದಕ್ಕೆ ಸಹಿ ಬಿದ್ದ ದಿನ ನೀನು ಫೋನಿನಲ್ಲೇ ಕುಣಿದಾಡಿದ್ದೆ. ಆ ದೇಶದವರು ನಿನ್ನ ಅಂಗಿಗಳ ಮೇಲಿನ ಸುಂಕ ತೆಗೆದರು. ಬದಲಿಗೆ ನಮ್ಮವರು ಅಲ್ಲಿನ ಕಪ್ಪುಗಳ ಮೇಲಿನ ಸುಂಕ ತೆಗೆದರು. ನಿನಗೆ ತೆರೆದ ಬಾಗಿಲಿನಿಂದಲೇ ಅವು ಒಳಗೆ ಬಂದವು. ಅಕ್ಕನಿಗೆ ಹೊಟ್ಟೆಯುರಿ ಎಂದುಕೊಳ್ಳಬೇಡ, ನಿನ್ನ ಏಳಿಗೆಗೆ ನಿಜವಾಗಿಯೂ ಖುಷಿಪಟ್ಟೆ.

ನಾನೂ ಕೈಕಟ್ಟಿ ಕೂರಲಿಲ್ಲ. ಹೊಸ ವಿನ್ಯಾಸ ಮಾಡಿಸಿದೆ, ಕಪ್ಪಿನ ತೂಕ ಇಳಿಸಿದೆ, ಲಾಭವನ್ನೂ ಬಿಟ್ಟೆ. ಸಗಟು ಅಂಗಡಿಯವರು ನನ್ನ ಮುಖ ನೋಡದೆ, "ನಿಮ್ ಕಪ್ಪು ಗಟ್ಟಿ, ಒಪ್ಕೋತೀನಮ್ಮಾ. ಆದ್ರೆ ಗಿರಾಕಿ ರೇಟ್ ಕೇಳ್ತಾನೆ, ನಾನೇನ್ ಮಾಡ್ಲಿ?" ಎಂದರು. ಅಲ್ಲಿ ಗ್ಯಾಸೂ ಅಗ್ಗ, ಭಟ್ಟಿಗಳೂ ದೊಡ್ಡವು. ಎಷ್ಟಂತ ಓಡಲಿ?

ನಾವು ಚಿಕ್ಕಂದಿನಿಂದ 'ಬೆಂಕಿ ಮಾಮ' ಎಂದು ಕರೆಯುತ್ತಿದ್ದೆವಲ್ಲ, ಭಟ್ಟಿ ನೋಡಿಕೊಳ್ಳುವವರು, ಅವರೇ ಕೊನೆಗೆ ಗ್ಯಾಸ್ ಮುಚ್ಚಿದರು. "ನಮ್ ಕೆಲಸದಲ್ಲಿ ಏನ್ ಕಮ್ಮಿ ಆಯ್ತಮ್ಮಾ?" ಎಂದು ಕೇಳಿದರು.

"ಕೆಲಸ ಕಮ್ಮಿ ಆಗಿಲ್ಲ ಮಾಮ, ಸುಂಕ ಕಮ್ಮಿ ಆಗಿದೆ," ಎಂದೆ. ನಕ್ಕರು. ಆಮೇಲೆ ಮುಚ್ಚಿದ ಗ್ಯಾಸಿನ ತಿರುಗಣೆಯನ್ನು ಇನ್ನೊಮ್ಮೆ ಬಿಗಿ ಮಾಡಿದರು.

ಈಗ ನನ್ನದೊಂದು ಕೋರಿಕೆ. ಕಪ್ಪುಗಳಿಗೆ ಹಿಡಿ ಅಂಟಿಸುತ್ತಿದ್ದ ಹೆಂಗಸರಿಗೆ ಕೆಲಸವಿಲ್ಲ. ಹಸಿ ಕಪ್ಪಿನ ಮೇಲೆ ಬೆರಳಿನ ಗುರುತೂ ಬೀಳದಂತೆ ಹಿಡಿ ಕೂರಿಸಿದವರು ಹೊಲಿಗೆ ಕಲಿಯುವುದಿಲ್ಲವೇ? ನಿನ್ನ ಹೊಸ ಹೊಲಿಗೆ ಶೆಡ್ಡಿನಲ್ಲಿ ಅವರಿಗೆ ಜಾಗ ಮಾಡಿಕೊಡು. "ನೀವ್ ಕೇಳಿದ್ರೆ ನಿಮ್ ತಂಗಿ ಇಲ್ಲ ಅಂತಾರಾ?" ಎಂದು ಅವರೆಲ್ಲ ನಂಬಿ ಕೂತಿದ್ದಾರೆ. ನಾನೂ ನಂಬಿದ್ದೇನೆ.

ಮಕ್ಕಳಿಗೆ ನನ್ನ ಮುತ್ತು. ನಿನ್ನ ಕೆಲಸ ಇನ್ನೂ ಬೆಳೆಯಲಿ, ನಿನ್ನನ್ನು ನಂಬಿದವರ ಮನೆಗಳು ತಣ್ಣಗಿರಲಿ.

ನಿನ್ನ ಅಕ್ಕ

ಮತ್ತೆ: ಬರೆಯಲೋ ಬೇಡವೋ ಎಂದು ಇಷ್ಟು ಹೊತ್ತು ತಡೆದೆ. ಶೆಡ್ಡಿನ ಉದ್ಘಾಟನೆಯ ದಿನ ನನಗೆ ನೀನೇ ಚಹಾ ತಂದುಕೊಟ್ಟೆ. ಅಭ್ಯಾಸಬಲ ನೋಡು, ಕುಡಿದು ಮುಗಿಸಿ ಕಪ್ಪಿನ ತಳ ತಿರುವಿ ನೋಡಿದೆ. ಆ ದೇಶದ ಮುದ್ರೆ ಇತ್ತು. ಬಂದವರೆಲ್ಲರ ಕೈಯಲ್ಲೂ ಅದೇ ಕಪ್ಪು. ಅಗ್ಗಕ್ಕೆ ಸಿಕ್ಕಿತೆಂದು ತರಿಸಿರುತ್ತೀಯ. ನಿನ್ನ ಜಾಗದಲ್ಲಿದ್ದರೆ ನಾನೂ ಹಾಗೇ ಮಾಡುತ್ತಿದ್ದೆನೋ ಏನೋ. ಆದರೆ ಅಂದು ನಮ್ಮ ಗೋದಾಮಿನ ತುಂಬ ಕಪ್ಪುಗಳಿದ್ದವು, ತಂಗೀ. ಒಂದು ಮಾತು ಹೇಳಿದ್ದರೆ ನಾನೇ ಹೊತ್ತು ತರುತ್ತಿದ್ದೆ.