ಮೂರು ವರ್ಷದ ಫೈನಲ್ ಇಯರ್

ಅಪ್ಪಾ,

ನಾನೇನೂ ಮನೆ ಮರ್ಯಾದೆ ಕಳೆದಿಲ್ಲ. ನನ್ ಗೆಳೆಯ ಸಮರ್ಥನ ಹಾಸ್ಟೆಲ್‌ಗೆ ಹರಟೆ ಹೊಡೆಯೋಕೆ ಹೋಗಿದ್ದೆ. ಕಾಲೇಜು ಹುಡುಗ್ರ ಮೇಲೆ ಡಾಕ್ಯುಮೆಂಟರಿ ತೆಗೀತಿದ್ದೋರು 'ಯಾವ ಇಯರ್?' ಅಂದ್ರು. 'ಹತ್ತನೇ ಕ್ಲಾಸ್ ಫೇಲು, ಗ್ಯಾರೇಜಲ್ಲಿದೀನಿ' ಅಂದೆ. ಅದಕ್ಕೆ ಪ್ರಶಸ್ತಿ ಬಂದು, ಇಡೀ ಮಲ್ಲೇಶ್ವರಕ್ಕೆ ತೋರಿಸ್ತಾರೆ ಅಂತ ನನಗೇನು ಗೊತ್ತು?

ನೀವು ಎಲ್ರಿಗೂ 'ಮಗ ಬಿ.ಕಾಂ ಫೈನಲ್ ಇಯರ್' ಅಂತಿದ್ರಿ. ಮೂರು ವರ್ಷದಿಂದ ಫೈನಲ್ಲೇ! ಮದುವೆಮನೇಲಿ ಯಾರಾದ್ರೂ ಓದಿನ ಮಾತೆತ್ತಿದ್ರೆ ಪಾಯಸ ಬರೋ ಮುಂಚೇನೇ ಎದ್ದೋಗ್ತಿದ್ದೆ. ನಿನ್ನೆ ಆ ಡಾಕ್ಯುಮೆಂಟರಿ ಮುಗಿದ್ಮೇಲೆ ಬದರೀನಾರಾಯಣ ಮಾವ 'ನನ್ ಸ್ಕೂಟರ್ ಕೆಮ್ತಿದೆ, ಬಂದು ನೋಡೋ' ಅಂದ್ರು, ಅಷ್ಟೇ. ಎದೆ ಹಗುರಾಯ್ತು.

ಇನ್ಮೇಲೆ ಕೇಳಿದ್ರೆ ಮೆಕ್ಯಾನಿಕ್ ಅನ್ನಿ.

ಸ್ಕೂಟರ್ ನೋಡೋಕೆ ಮಾವನ ಮನೆಗೆ ಹೊರಟೆ. ಇಷ್ಟು ದಿನದ ಥರ ಕದ್ದುಮುಚ್ಚಿ ಅಲ್ಲ, ಬಾಗಿಲು ದಢಾರ್ ಅಂತ ಎಳ್ಕೊಂಡೇ ಹೋಗ್ತೀನಿ. ಆ ಸದ್ದಿಗೆ ಎದ್ದು ಇದನ್ನ ಓದಿ.

ನಿಮ್ಮ ಮಗ,
ಶ್ರೀವತ್ಸ