ನಿನ್ನ ಊರಿನ ಮೇಲೆ ಹೋಗುವ ದಾರಿ

ಪ್ರೀತಿಯ ಅಕ್ಕಾ,

ಅಕ್ಷರ ನೋಡಿ ಯಾರದೆಂದು ಗೊತ್ತಾದ ಮೇಲೂ ನೀನು ಈ ಕಾಗದವನ್ನು ಕೆಳಗಿಡದಿದ್ದರೆ ಅಷ್ಟೇ ಸಾಕು. ನಾನು ಕ್ಷೇಮ ಎಂದು ಶುರು ಮಾಡಬೇಕೆಂದಿದ್ದೆ, ಆ ಪದದ ಹತ್ತಿರ ಪೆನ್ನು ನಿಂತುಬಿಟ್ಟಿತು. ಬಿಟ್ಟೆ.

ಒಂದು ವಾರದಿಂದ ನಾನು ನಿನ್ನಿಂದ ಬರೀ ಒಂದು ಗಂಟೆಯ ದಾರಿಯಲ್ಲಿದ್ದೇನೆ. ರಜೆಗೆ ಬಂದವರಿಗೆ ಬಾಡಿಗೆಗೆ ಕೊಡುವ ಹಳ್ಳಿಗಾಡಿನ ಮನೆಯೊಂದರ ಅಡುಗೆಮನೆಯಲ್ಲಿ ಕೂತು ಬರೆಯುತ್ತಿದ್ದೇನೆ. ಕಿಟಕಿಯಾಚೆ ನಮ್ಮ ಮನೆಯವರು ಕಾರು ತೊಳೆಯುತ್ತಿದ್ದಾರೆ. ಪಕ್ಕದಲ್ಲೇ ಅತ್ತೆ ಕುರ್ಚಿ ಹಾಕಿಸಿಕೊಂಡು ಕೂತು, ಅಲ್ಲಿ ಕೊಳೆ ಇದೆ, ಇಲ್ಲಿ ಕೊಳೆ ಇದೆ ಎಂದು ಬೆರಳು ತೋರಿಸುತ್ತಾ ಮಗನನ್ನು ಒಳಗೆ ಬರಗೊಡುತ್ತಿಲ್ಲ. ಕನ್ನಡಕವಿಲ್ಲದ ಅತ್ತೆಗೆ ಕಾರೇ ಸರಿಯಾಗಿ ಕಾಣುವುದಿಲ್ಲ, ಇನ್ನು ಕೊಳೆ ಎಲ್ಲಿಂದ ಕಾಣಬೇಕು! ಅವರು ನನಗೆ ಬರೆಯಲು ಪುರುಸೊತ್ತು ಮಾಡಿಕೊಡುತ್ತಿದ್ದಾರೆ.

ನೀನು ಗಂಡನ ಮನೆ ಬಿಟ್ಟು ಬಂದ ವರ್ಷವೇ ನನ್ನ ಮದುವೆಯಾಯಿತು. "ಅವಳ ಹೆಸರು ಈ ಮನೇಲಿ ಎತ್ತಕೂಡದು" ಎಂದು ಅಪ್ಪ ಒಂದೇ ಸಲ ಹೇಳಿದ್ದರು, ಕೂಗಿ. ನಮ್ಮ ಮನೆಯವರು ಕೂಗುವವರಲ್ಲ. ಮದುವೆಯಾದ ಹೊಸದರಲ್ಲಿ ನಿನ್ನ ಮಾತು ಬಂದಾಗ ಕಿತ್ತಳೆ ಸುಲಿದು ನನ್ನ ಕೈಗೆ ಕೊಡುತ್ತಾ, "ಅವರ ಸಹವಾಸ ನಮಗೆ ಬೇಡ, ಅಲ್ವಾ?" ಎಂದರು. ಅವರು ಶಾಲೆಯ ಹೆಡ್ ಮಾಸ್ಟರು. ಅವರ 'ಅಲ್ವಾ' ಪ್ರಶ್ನೆಯಲ್ಲ, ಪಾಠ ಮುಗಿಯಿತೆಂದು ಹೊಡೆಯುವ ಗಂಟೆ. ಹನ್ನೆರಡು ವರ್ಷಗಳಲ್ಲಿ ಅವರು ನನ್ನ ಮೇಲೆ ಕೈ ಎತ್ತಿಲ್ಲ, ದನಿ ಎತ್ತಿಲ್ಲ. ಚಳಿ ಅನ್ನುವುದರೊಳಗೆ ಶಾಲು ತಂದು ಹೊದಿಸುತ್ತಾರೆ. ನನಗೆ ಚಳಿಯಾಗುತ್ತಿದೆಯೋ ಇಲ್ಲವೋ ಎಂಬುದನ್ನೂ ಅವರೇ ತೀರ್ಮಾನಿಸುತ್ತಾರೆ. ಯಾರ ಹತ್ತಿರ ಏನೆಂದು ದೂರಲಿ ಹೇಳು? ದೂರಿದರೆ ಕೇಳಿದವರು ನನ್ನನ್ನೇ ಬೈಯುತ್ತಾರೆ.

ಹೋದ ವರ್ಷ ಒಂದು ಮದುವೆಯಲ್ಲಿ ಚಿಕ್ಕಮ್ಮ ನನ್ನನ್ನು ಕೈ ತೊಳೆಯುವ ಜಾಗಕ್ಕೆ ಎಳೆದುಕೊಂಡು ಹೋಗಿ ನಿನ್ನ ಊರು, ಬೀದಿ, ಕುರ್ಚಿ ಸೋಫಾಗಳಿಗೆ ಹೊಸ ಬಟ್ಟೆ ಹಾಕಿಕೊಡುವ ನಿನ್ನ ಅಂಗಡಿ, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದರು. ಫೋನ್ ನಂಬರು ಅವರಿಗೂ ಗೊತ್ತಿರಲಿಲ್ಲ. ಗೊತ್ತಿದ್ದರೂ ಏನು ಬಂತು, ನನ್ನ ಫೋನ್ ನನ್ನ ಕೈಯಲ್ಲಿರುವಷ್ಟೇ ನಮ್ಮ ಮನೆಯವರ ಕೈಯಲ್ಲೂ ಇರುತ್ತದೆ. ಹಾಗಾಗಿ ನಾನು ಬೇರೆ ದಾರಿ ಹುಡುಕಿದೆ. ಈ ಮನೆಯ ಫೋಟೋ ಇದ್ದ ಪತ್ರಿಕೆಯನ್ನು ಅವರು ಚಹಾ ಕುಡಿಯುವ ಜಾಗದಲ್ಲಿ ಮರೆತವಳಂತೆ ಬಿಟ್ಟೆ. ಎರಡು ದಿನ ಬಿಟ್ಟು ಅವರೇ ನನಗೆ ಆ ಫೋಟೋ ತೋರಿಸಿ, "ಈ ಸಲ ರಜೆಗೆ ಇಲ್ಲಿಗೆ ಹೋಗೋಣ, ಅಲ್ವಾ?" ಎಂದರು. ಜೀವನದಲ್ಲಿ ಮೊದಲ ಬಾರಿ ಆ 'ಅಲ್ವಾ'ಗೆ ಮನಸಾರೆ ಹೂಂ ಅಂದೆ.

ಮನೆ ಚೆನ್ನಾಗಿದೆ ಅಕ್ಕಾ. ದಪ್ಪ ಗೋಡೆ, ಕೆಂಪು ಹೆಂಚು, ಸುತ್ತ ಹುಲ್ಲುಗಾವಲು. ಗುಡ್ಡದ ಮೇಲಿದೆ. ಕೆಳಗಿಳಿಯಲು ಇರುವುದು ಜಲ್ಲಿಕಲ್ಲಿನ ಒಂದೇ ದಾರಿ. ಬಸ್ಸು ಗುಡ್ಡದ ಬುಡಕ್ಕೂ ಬರುವುದಿಲ್ಲ. ಕಾರಿನ ಕೀ ಅವರ ಅಂಗಿಯ ಜೇಬಿನಲ್ಲಿ. ಬಂದ ದಿನ ಸಂಜೆ ನಾನು ಗೇಟಿನವರೆಗೆ ಸುಮ್ಮನೆ ನಡೆದು ಹೋದೆ. ಹಿಂದೆಯೇ ಟಾರ್ಚು ಹಿಡಿದು ಬಂದರು. "ಒಬ್ಬಳೇ ಯಾಕೆ ಬಂದೆ? ಹಾವು ಗೀವು ಇರತ್ತೆ." ಇನ್ನೂ ಬಿಸಿಲಿತ್ತು. ಊರಿನ ಮನೆಯಲ್ಲಾದರೆ ಅವರು ಶಾಲೆಗೆ ಹೋದ ಮೇಲೆ ಗೋಡೆಗಳು ಸ್ವಲ್ಪ ಹಿಂದೆ ಸರಿಯುತ್ತಿದ್ದವು. ಇಲ್ಲಿ ಅದೂ ಇಲ್ಲ. ಇಷ್ಟು ದೊಡ್ಡ ಆಕಾಶದ ಕೆಳಗೆ ಉಸಿರು ಕಟ್ಟುತ್ತದೆ ಅಂದರೆ ನೀನಾದರೂ ನಂಬುತ್ತೀಯಲ್ಲ?

ದಿನಾ ಬೆಳಗ್ಗೆ ತಿಂಡಿಯ ತಟ್ಟೆಗಳನ್ನು ಸರಿಸಿ ಮೇಜಿನ ಮೇಲೆ ನಕ್ಷೆ ಬಿಚ್ಚುತ್ತಿದ್ದರು. ಎಲ್ಲಿಗೆ ಹೋಗುವುದು, ಯಾವ ದಾರಿಯಲ್ಲಿ ಹೋಗುವುದು ಎಂದು ಯೋಚಿಸುವ ಕೆಲಸವನ್ನು ದೊಡ್ಡ ಮನಸ್ಸು ಮಾಡಿ ನನಗೇ ಬಿಟ್ಟಿದ್ದರು. ನಾನು ಪೆನ್ಸಿಲಿನಲ್ಲಿ ಗೆರೆ ಎಳೆಯುತ್ತಿದ್ದೆ. ಅಣೆಕಟ್ಟಿಗೆ ನಿನ್ನ ಊರಿನ ಮೇಲೆ. ಕೋಟೆಗೆ ನಿನ್ನ ಊರಿನ ಮೇಲೆ. ಜಲಪಾತ ಇರುವುದು ತದ್ವಿರುದ್ಧ ದಿಕ್ಕಿನಲ್ಲಿ, ಅದಕ್ಕೂ ವಾಪಸು ಬರುವಾಗ ನಿನ್ನ ಊರಿನ ಮೇಲೆ. ಅವರು ಕನ್ನಡಕ ಸರಿಮಾಡಿಕೊಂಡು ನೋಡಿ, "ಇಷ್ಟು ಬಳಸು ದಾರಿ ಯಾಕೆ? ಇಲ್ಲಿ ಬೈಪಾಸ್ ಇದೆ ನೋಡು" ಎಂದು ನನ್ನ ಗೆರೆಯನ್ನು ರಬ್ಬರಿನಿಂದ ಅಳಿಸಿ ಬೇರೆ ಎಳೆಯುತ್ತಿದ್ದರು. ಆ ಊರಿನ ಪೇಟೆ ಚೆನ್ನಾಗಿದೆಯಂತೆ ಎಂದರೆ, "ಪೇಟೆ ನಮ್ಮೂರಲ್ಲೂ ಇದೆ." ಊಟಕ್ಕೆ ಅಲ್ಲಿ ನಿಲ್ಲಿಸೋಣ ಎಂದರೆ, ಬುತ್ತಿ ಕಟ್ಟಿಸಿಬಿಡುತ್ತಿದ್ದರು. ನಾನು ಚಾಪೆ ಕೆಳಗೆ ತೂರಿದರೆ ಅವರು ರಂಗೋಲಿ ಕೆಳಗೆ ತೂರುತ್ತಿದ್ದರು. ಅವರಿಗೆ ನೀನು ಅಲ್ಲಿರುವುದು ಗೊತ್ತಿತ್ತೋ ಇಲ್ಲವೋ, ಇವತ್ತಿಗೂ ನನಗೆ ತಿಳಿಯದು. ಅಣೆಕಟ್ಟಿನ ಮುಂದೆ, ಕೋಟೆಯ ಮುಂದೆ ನಿಲ್ಲಿಸಿ ಫೋಟೋ ತೆಗೆದರು. ಎಲ್ಲದರಲ್ಲೂ ನಾನು ನಗುತ್ತಿದ್ದೇನೆ.

ನಿನ್ನೆ ಬೆಳಗ್ಗೆ ಅವರು ಸ್ನಾನಕ್ಕೆ ಹೋದಾಗ ಅತ್ತೆ ನಕ್ಷೆಯನ್ನು ತಮ್ಮ ಕಡೆಗೆ ತಿರುಗಿಸಿಕೊಂಡರು. "ಅಲ್ಲ ಕಣೇ, ನೀನು ಹಾಕೋ ದಾರಿ ಎಲ್ಲಾ ಈ ಒಂದು ಊರಿನ ಮೇಲೇನೇ ಹೋಗತ್ತಲ್ಲ? ಇಲ್ಲಿ ಯಾರಿದ್ದಾರೆ?"

ಅತ್ತೆ ಮಗನ ಪರ, ಯಾವತ್ತೂ. ನನ್ನ ಬಾಯಿಗೆ ಸುಳ್ಳು ಸಿಗಲಿಲ್ಲ. "ನಮ್ಮಕ್ಕ" ಅಂದೆ. ಅತ್ತೆ ಕನ್ನಡಕ ತೆಗೆದು, ಸೆರಗಿನಲ್ಲಿ ಒರೆಸಿ, ಕುರ್ಚಿಯ ಮೇಲಿಟ್ಟರು. ಆಮೇಲೆ ಆ ಕುರ್ಚಿಯ ಮೇಲೆ ಕೂತರು. ಗಾಜು ಪಟಕ್ಕನೆ ಒಡೆದ ಸದ್ದು ನನಗೆ ಸ್ಪಷ್ಟವಾಗಿ ಕೇಳಿತು. "ಅಯ್ಯೋ ನನ್ನ ಕನ್ನಡಕಾ!" ಎಂದು ಅವರು ಬಚ್ಚಲಿನವರೆಗೆ ಕೇಳುವಂತೆ ಕೂಗಿಕೊಂಡರು. ಈ ಸುತ್ತಿನಲ್ಲಿ ಕನ್ನಡಕದ ಅಂಗಡಿ ಇರುವುದು ನಿನ್ನ ಊರಿನಲ್ಲಿ ಮಾತ್ರ. ಅತ್ತೆಗೆ ಅದು ಹೇಗೆ ಗೊತ್ತಿತ್ತು ಎಂದು ನಾನು ಕೇಳಲಿಲ್ಲ.

ಪೇಟೆಗೆ ಬಂದು, ಕಣ್ಣು ಪರೀಕ್ಷೆ ಮಾಡಿಸಿಕೊಂಡ ಮೇಲೆ ಅತ್ತೆ, "ನಂಗೆ ಮಂಡಿ ನೋವು, ಹೊರಗೆ ಬೆಂಚಿನ ಮೇಲೆ ಕೂತಿರ್ತೀವಿ. ಗಾಜು ಫ್ರೇಮು ಎಲ್ಲಾ ನೀನೇ ನೋಡು, ಮೋಸ ಮಾಡ್ತಾರೆ" ಎಂದು ಮಗನನ್ನು ಅಲ್ಲೇ ಬಿಟ್ಟು ಬಂದರು. ಬೆಂಚಿನ ಮೇಲೆ ಕೂತದ್ದೇ, "ಹೋಗು, ಅವನು ಬರೋದ್ರೊಳಗೆ ಬಂದ್ಬಿಡು" ಅಂದರು. ನಾನು ಓಡಿದೆ ಅಕ್ಕಾ. ಚಪ್ಪಲಿ ಕಿತ್ತುಹೋಗುವ ಹಾಗೆ ಓಡಿದೆ.

ನಿನ್ನ ಅಂಗಡಿಯ ಎದುರು ಬದಿಯಲ್ಲಿ ಬ್ಯಾಂಕಿನ ಮೆಟ್ಟಿಲಿದೆಯಲ್ಲ, ಅಲ್ಲಿ ನಿಂತೆ. ಗಾಜಿನೊಳಗೆ ನೀನು ಕಂಡೆ. ಕೂದಲು ಮುಂದುಗಡೆ ಬೆಳ್ಳಗಾಗಿದೆ. ತುಟಿಗಳ ನಡುವೆ ಸಾಲಾಗಿ ಮೊಳೆ ಕಚ್ಚಿಕೊಂಡು, ಒಂದೊಂದೇ ತೆಗೆದು ಕುರ್ಚಿಯ ಅಂಚಿಗೆ ಬಡಿಯುತ್ತಿದ್ದೆ. ಕುರ್ಚಿಯ ಒಡೆಯನಿರಬೇಕು, ಒಬ್ಬ ಮುದುಕ ಬಿಡುವಿಲ್ಲದೆ ಮಾತಾಡುತ್ತಿದ್ದ. ಬಾಯಲ್ಲಿ ಮೊಳೆ ಇದ್ದದ್ದರಿಂದ ನೀನು ಬರೀ ತಲೆ ಆಡಿಸುತ್ತಿದ್ದೆ. ಅವನು ಏನು ಹೇಳಿದನೋ, ನೀನು ಮೊಳೆಗಳನ್ನೆಲ್ಲ ಅಂಗೈಗೆ ಉಗಿದು, ತಲೆ ಹಿಂದಕ್ಕೆ ಚೆಲ್ಲಿ ನಕ್ಕೆ. ನಗುವುದಕ್ಕೆ ಯಾರನ್ನೂ ಕೇಳಬೇಕಿಲ್ಲದವರ ನಗು. ಆಮೇಲೆ ಬೀದಿಯ ಕಡೆ ನೋಡಿದೆ. ನನ್ನನ್ನೂ ನೋಡಿದೆ, ಬಸ್ಸಿಗೆ ಕಾಯುವ ಯಾರನ್ನೋ ನೋಡುವ ಹಾಗೆ.

ನಾನು ದಾಟಲಿಲ್ಲ. ರಸ್ತೆಯಲ್ಲಿ ಒಂದು ವಾಹನವೂ ಇರಲಿಲ್ಲ. ಕಾಲು, ಯಾರಾದರೂ ಹೂಂ ಅನ್ನಲಿ ಎಂದು ಕಾಯುತ್ತಿತ್ತು. ಹೂಂ ಅನ್ನಲು ಅಲ್ಲಿ ಯಾರೂ ಇರಲಿಲ್ಲ. ಎಷ್ಟು ಹೊತ್ತು ನಿಂತಿದ್ದೆನೋ. ಆ ಮುದುಕ ಕುರ್ಚಿ ಎತ್ತಿಕೊಂಡು ಹೊರಟ, ನೀನು ನೆಲ ಗುಡಿಸಿದೆ, ನಾನು ತಿರುಗಿ ನಡೆದೆ.

"ಸಿಕ್ಕಳಾ?" ಎಂದರು ಅತ್ತೆ. ಇಲ್ಲ, ಒಳಗೆ ಹೋಗಲಿಲ್ಲ ಅಂದೆ. ಬೈಯುತ್ತಾರೆ ಅಂದುಕೊಂಡೆ. ಅವರು ನನ್ನ ಮುಂಗೈ ಹಿಡಿದುಕೊಂಡು, "ನಾನೂ ಹೀಗೇ ನಮ್ಮಮ್ಮನ ಮನೆ ತಿರುವಿನವರೆಗೆ ಹೋಗಿ ವಾಪಸ್ ಬಂದೋಳೇ ಕಣೇ. ಇವನಪ್ಪನೂ ಜೋರು ಮಾಡೋರಲ್ಲ. ಆಮೇಲೆ ಹೋಗೋಣ ಅಂದ್ರೆ ಅಮ್ಮನೇ ಇರ್ಲಿಲ್ಲ" ಎಂದರು. ಅಷ್ಟರಲ್ಲಿ ನಮ್ಮ ಮನೆಯವರು ಬಂದರು. ಅತ್ತೆ ಕೈ ಬಿಡಲಿಲ್ಲ.

ಕಾರು ಊರಾಚೆ ಬಂದಾಗ ನನ್ನ ದನಿ ನನಗೇ ಕೇಳಿಸಿತು. "ನಮ್ಮಕ್ಕ ಈ ಊರಲ್ಲಿದ್ದಾಳೆ. ಗಾಡಿ ತಿರುಗಿಸಿ."

ಅವರು ವೇಗ ಕಡಿಮೆ ಮಾಡಲಿಲ್ಲ, ಹೆಚ್ಚೂ ಮಾಡಲಿಲ್ಲ. "ಮೊದಲೇ ಹೇಳಿದ್ರೆ ದಾರೀಲಿ ಹಾಕ್ಕೋಬಹುದಿತ್ತು, ಅಲ್ವಾ?" ಅಂದರು.

"ಹಾಕಿದ್ದೆ. ದಿನಾ ಹಾಕಿದ್ದೆ. ನೀವೇ ಅಳಿಸಿದ್ರಿ."

"ತಿರುಗಿಸೋ" ಎಂದರು ಅತ್ತೆ ಹಿಂದಿನ ಸೀಟಿನಿಂದ. ಕಾರು ತಿರುಗಲಿಲ್ಲ. ಗುಡ್ಡದ ಜಲ್ಲಿ ದಾರಿ ಹತ್ತಿ ಗೇಟಿನೊಳಗೇ ನಿಂತಿತು. ಇವತ್ತು ಬೆಳಗ್ಗೆ ಅವರು ನಕ್ಷೆ ಬಿಚ್ಚಲಿಲ್ಲ.

ನಾಳೆ ನಾವು ಹೊರಡುತ್ತೇವೆ. ಅತ್ತೆಯ ಕನ್ನಡಕ ಸಿದ್ಧವಾಗಲು ಹದಿನೈದು ದಿನ ಬೇಕಂತೆ. ಅಂಚೆಯಲ್ಲಿ ತರಿಸಿದರಾಯಿತು ಎಂದು ನಮ್ಮ ಮನೆಯವರು ಹೇಳಿದರೆ, ಕಣ್ಣಿಗೆ ಹಾಕಿ ನೋಡದೆ ಆಗುವುದಿಲ್ಲ, ನಿನಗೆ ಶಾಲೆ ಇರುತ್ತದೆ, ನಾನೂ ಇವಳೂ ಬಸ್ಸಿನಲ್ಲಿ ಹೋಗಿ ಬರುತ್ತೇವೆ ಎಂದು ಅತ್ತೆ ಪಟ್ಟು ಹಿಡಿದಿದ್ದಾರೆ. ಮಗ ಇನ್ನೂ ಒಪ್ಪಿಲ್ಲ. ಅವರು ಹೂಂ ಅನ್ನದಿದ್ದರೂ ಬಸ್ಸು ಹತ್ತಬೇಕೆಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೇನೆ. ಹತ್ತಿಯೇ ಹತ್ತುತ್ತೇನೆ ಎಂದು ಆಣೆ ಮಾಡಲಾರೆ. ನಿನ್ನೆ ನನ್ನ ಕಾಲುಗಳನ್ನು ನಾನೇ ನೋಡಿದ್ದೇನಲ್ಲ.

ಆದ್ದರಿಂದ ಒಂದು ಕೆಲಸ ಮಾಡು ಅಕ್ಕಾ. ಇನ್ನು ಮುಂದೆ ಆ ಬ್ಯಾಂಕಿನ ಮೆಟ್ಟಿಲ ಮೇಲೆ ಯಾವಳಾದರೂ ಸುಮ್ಮನೆ ನಿಂತಿದ್ದು ಕಂಡರೆ, ಬಸ್ಸಿಗೆ ಕಾಯುತ್ತಿದ್ದಾಳೆ ಅಂದುಕೊಳ್ಳಬೇಡ. ಸುತ್ತಿಗೆ ಕೆಳಗಿಟ್ಟು, ಬಾಯಲ್ಲಿನ ಮೊಳೆ ಉಗಿದು, ನೀನೇ ರಸ್ತೆ ದಾಟಿ ಬಾ.

ನಿನ್ನ ಕೈಕೆಲಸ ಗಟ್ಟಿಯಾಗಿರಲಿ, ನಿನ್ನ ನಗು ಹಾಗೇ ಇರಲಿ.

ಎದುರು ಬದಿಯಿಂದ,
ನಿನ್ನ ತಂಗಿ