ಔಷಧ ಇಲ್ಲದ ಸೂಜಿ

೨೯ ಆಗಸ್ಟ್ ೨೦೧೧, ಸಂಜೆ

ಇವತ್ತೂ ಎಂಬತ್ತನೇ ಚಪಾತಿಗೆ ಭುಜ ನಿಂತಿತು. ಲಟ್ಟಣಿಗೆ ಜಾರಿತು. ಮೆಸ್ ಮಾಲಕರು ಬಾಪೂಸಾಹೇಬರು ನೋಡೇಬಿಟ್ಟರು.

"ಅಲಕಾಬಾಯಿ, ಸಾಂಗ್ಲ್ಯಾಗ ಚಪಾತಿ ಮಷೀನ ಬಂದೈತಿ. ಅದಕ್ಕ ಭುಜಾನ ಇಲ್ಲ ನೋಡ್ರಿ!"

ನಕ್ಕರು. ನಗೆಯೋ, ನೋಟಿಸೋ? ಗಣಪತಿ ಮುಗಿಯುವ ತನಕ ನೋಡುತ್ತಾರಂತೆ. ಆಮೇಲೆ?

೩೧ ಆಗಸ್ಟ್

ಮಿರಜದ ಫಿಸಿಯೋಥೆರಪಿ ದವಾಖಾನೆ. ಹರ್ಷದಾ ಅಂತ ಹುಡುಗಿ, ನನ್ನ ಮಗಳ ವಯಸ್ಸು. ಭುಜದಲ್ಲಿ ಗಂಟು ಹುಡುಕಿ ಒತ್ತಿದಳು — ಜೀವ ಹೋಯಿತು. ಅಲ್ಲೇ ಕೂದಲೆಳೆಯಂಥ ಸೂಜಿ. ಡ್ರೈ ನೀಡ್ಲಿಂಗ್ ಅಂತೆ.

"ಒಳಗ ಔಷಧ ಏನೈತವ್ವ?"

"ಏನೂ ಇಲ್ರಿ ಮಾವಶಿ. ಬರೇ ಸೂಜಿ. ಗಂಟ ಸಡಲ ಆಗತೈತಿ." ಮಾವಶಿ ಅಂತಾಳೆ, ಚಿಕ್ಕಮ್ಮನನ್ನು ಕರೆದ ಹಾಗೆ.

ಆರನೇ ಇಯತ್ತೆಗೆ ಶಾಲೆ ಬಿಟ್ಟವಳು ನಾನು. ಭುಜದ ಕೆಳಗೆ ಏನೇನಿದೆಯೋ... ಶ್ವಾಸಕೋಶಕ್ಕೆ ತಾಗಿದರೆ? ಚುಚ್ಚಿದಾಗ ಮಾಂಸ ಒಮ್ಮೆ ತಾನಾಗಿ ಹಾರಿತು. ಆಮೇಲೆ ಕೈ ಕಿವಿಯ ತನಕ ಎದ್ದಿತು! ಆರನೇ ತಾರೀಖು ಮತ್ತೆ. ಊಟ ಮಾಡಿಯೇ ಬರಬೇಕಂತೆ, ಖಾಲಿ ಹೊಟ್ಟೆಗೆ ಚುಚ್ಚಿದರೆ ತಲೆ ತಿರುಗುತ್ತದಂತೆ.

೬ ಸೆಪ್ಟೆಂಬರ್, ಬೆಳಿಗ್ಗೆ

ದಶಲಕ್ಷಣ ಪರ್ವ, ಬಸದಿಯಲ್ಲಿ ಹತ್ತು ದಿನ ದಿನಕ್ಕೊಂದು ಧರ್ಮದ ಪಾಠ. ಇವತ್ತು ಐದನೇ ದಿನ. ನನಗೆ ಉಪವಾಸ, ನೀರೂ ಇಲ್ಲ. ಬಸದಿಯಲ್ಲಿ ಹಿಡಿದ ವ್ರತ, ಬಿಡಲು ಬರುವುದಿಲ್ಲ. ಸೂಜಿಯಲ್ಲಿ ಔಷಧ ಇಲ್ಲ, ಬಾಯಿಗೆ ಏನೂ ಹೋಗುವುದಿಲ್ಲ. ಅಂದಮೇಲೆ ಉಪವಾಸ ಮುರಿಯದು. ಅಲ್ಲವೇ? ಅತ್ತೆಯನ್ನು ಕೇಳಲೇ? ಬೇಡ.

ಅದೇ ದಿನ, ಸಂಜೆ

"ಊಟ ಆತೇನ್ರಿ ಮಾವಶಿ?"

ಇಲ್ಲ ಅಂದರೆ ಮುಂದಿನ ವಾರ ಎನ್ನುತ್ತಾಳೆ. ಅಷ್ಟರಲ್ಲಿ ಮಷೀನ್ ಬರುತ್ತದೆ.

"ಆತವ್ವ. ಎರಡ ಭಕ್ರಿ ತಿಂದೇನಿ."

ಬಸದಿಯಲ್ಲಿ ಇವತ್ತು ಓದಿದ ಧರ್ಮ — ಉತ್ತಮ ಸತ್ಯ.

ಮೂರನೇ ಸೂಜಿಗೆ ಕಣ್ಣು ಕತ್ತಲೆ. ಎಚ್ಚರವಾದಾಗ ನೆಲದ ಮೇಲಿದ್ದೆ. ಹರ್ಷದಾ ನನ್ನ ಕಾಲು ಎತ್ತಿ ಹಿಡಿದಿದ್ದಳು. ಹೊರಗೆ ಕೂತಿದ್ದ ನಮ್ಮ ಯಜಮಾನರು ಓಡಿಬಂದು ಕೂಗಾಡಿದರು. "ಎಲ್ಲಿ ಚುಚ್ಚೀದಿ ಹುಡಗಿ? ಎಲ್ಲಿ ಕಲತೀದಿ?"

ಉಪವಾಸದ ಮಾತು ಎತ್ತದೆ, ಸೆರಗು ಸರಿಮಾಡಿಕೊಂಡು ಅವರ ಹಿಂದೆ ಹೊರಟೆ.

೧೦ ಸೆಪ್ಟೆಂಬರ್

ನೂರಿಪ್ಪತ್ತು ಚಪಾತಿ. ಭುಜ ಹಗುರ. "ಮಷೀನ ಸೋತೈತಿ" ಎಂದರು ಬಾಪೂಸಾಹೇಬರು. ನಗಲಾಗಲಿಲ್ಲ. ಸೂಜಿ ಮುಟ್ಟಬೇಡ ಅಂತ ಹರ್ಷದಾಳಿಗೆ ದವಾಖಾನೆಯ ದೊಡ್ಡ ಡಾಕ್ಟರು ಹೇಳಿದ್ದಾರಂತೆ. ಕೆಲಸದಿಂದಲೇ ತೆಗೆದರೆ? ನನ್ನಿಂದ...

೧೩ ಸೆಪ್ಟೆಂಬರ್, ಮಧ್ಯಾಹ್ನ

ಕ್ಷಮಾವಣಿ. ಬೆಳಿಗ್ಗೆಯಿಂದ ಅತ್ತೆಗೆ, ನೆರೆಯವರಿಗೆ, ಎಲ್ಲರಿಗೂ ಕೈಮುಗಿದು ಕ್ಷಮೆ ಕೇಳಿದ್ದಾಯಿತು. ಯಾರಿಗೆ ತಪ್ಪು ಮಾಡಿಲ್ಲವೋ ಅವರ ಹತ್ತಿರ ಕೇಳುವುದು ಸುಲಭ.

ಊಟದ ತಟ್ಟೆ ಸರಿಸಿ ಎದ್ದೆ. ಹಾಗೇ ದವಾಖಾನೆಗೆ ಹೋದೆ. ಹರ್ಷದಾ ಬಾಗಿಲಲ್ಲಿ ನಂಬರಿನ ಚೀಟಿ ಬರೆಯುತ್ತ ಕುಳಿತಿದ್ದಳು. ಹಿಂದೆ ದೊಡ್ಡ ಡಾಕ್ಟರು. ನನ್ನನ್ನು ನೋಡಿ ಎದ್ದು ನಿಂತಳು.

"ಮಾವಶಿ, ಆರಾಮ ಅದೀರಿ? ಊಟ ಆತೇನ್ರಿ?"

ಡಾಕ್ಟರಿಗೆ ಕೇಳುವ ಹಾಗೆ ಗಟ್ಟಿಯಾಗಿ ಹೇಳಿದೆ.

"ಆಗಿಲ್ಲ ಮಗಳ. ಅವತ್ತೂ ಆಗಿದ್ದಿಲ್ಲ, ಸುಳ್ಳ ಹೇಳಿದ್ನಿ."